ಫೋಟಿನಿಯ ಅಪ್ಪನ ಕಣ

ದಾನವ್ವ ಮಗನ ಜೊತೆ ಇರಲು ಪರದೇಶದ ಬೆರ್ರಿಯೆಸಾಕ್ಕೆ ಬಂದು ಹನ್ನೆರಡು ವರ್ಷವಾಯಿತು. ಕುಂದಗೋಳದ ಕಡೆಯ ಹೆಣ್ಣುಮಗಳು, ಓದಿದ್ದು ಎರಡನೇ ಇಯತ್ತೆ. ಗಂಡ ವಿರುಪಾಕ್ಷಪ್ಪ ಬದುಕಿದ್ದಾಗ ಇಪ್ಪತ್ತೆರಡು ಸುಗ್ಗಿ ಕಣದಲ್ಲಿ ನಿಂತು ಜೋಳ ತೂರಿದವಳು. ಯಾವ ಗಾಳಿಗೆ ಮೊರವನ್ನು ಎಷ್ಟು ಎತ್ತರ ಹಿಡಿಯಬೇಕೆಂದು ಇವತ್ತಿಗೂ ಕೈ ಮಾಡಿ ತೋರಿಸುತ್ತಾಳೆ. ಅದನ್ನು ನೋಡುವ ಪುರುಸೊತ್ತು ಆ ಬೀದಿಯಲ್ಲಿ ಯಾರಿಗೂ ಇರಲಿಲ್ಲ, ಪಕ್ಕದ ಮನೆಯ ಫೋಟಿನಿ ಒಬ್ಬಳನ್ನು ಬಿಟ್ಟು.

ಫೋಟಿನಿಗೆ ಎಂಬತ್ತನಾಲ್ಕು. ಗ್ರೀಸ್ ದೇಶದ ಆರ್ಕಾಡಿಯಾ ಎಂಬ ಬೆಟ್ಟಸೀಮೆಯವಳು. ಗಂಡ ಸತ್ತ ಹತ್ತೊಂಬತ್ತು ವರ್ಷದಿಂದ ಕಪ್ಪು ಬಟ್ಟೆ ಬಿಟ್ಟು ಬೇರೆ ತೊಟ್ಟಿಲ್ಲ. ಇಬ್ಬರಿಗೂ ಬರುವ ಇಂಗ್ಲಿಷು ಕೂಡಿಸಿದರೂ ಒಂದು ಪೂರ್ತಿ ಮಾತಾಗುವುದಿಲ್ಲ. ಆದರೂ ಒಂದು ಬೆಳಿಗ್ಗೆ ಫೋಟಿನಿ ಮೇಜಿನ ಮೇಲೆ ಬೆರಳಿನಿಂದ ದುಂಡಗೆ ಗೆರೆ ಎಳೆದು, ನಡುವೆ ಒಂದು ಕಡ್ಡಿ ನಿಲ್ಲಿಸಿ, ಎರಡು ಬೆರಳನ್ನು ಅದರ ಸುತ್ತ ಹೇಸರಗತ್ತೆಯ ಹಾಗೆ ನಡೆಸಿದಳು. ದಾನವ್ವ ಕೂತಲ್ಲಿಂದ ಎದ್ದುಬಿಟ್ಟಳು.

"ಕಣ! ಇದು ಮೇಟಿ!"

"ಅಲೋನಿ, ಅಲೋನಿ," ಎಂದು ಫೋಟಿನಿ ಅವಳ ಕೈ ಹಿಡಿದಳು.

ಆ ಕಣಕ್ಕೆ ಕಲ್ಲು ಹಾಸಿ, ಮೇಟಿ ಕಂಬಕ್ಕೆ ನಡುವೆ ಕುಳಿ ಕಡೆದವನು ಫೋಟಿನಿಯ ಅಪ್ಪ, ಅವಳು ಹುಟ್ಟಿದ ವರ್ಷ. ಈಗ ಊರಿನಲ್ಲಿ ಅವಳವರು ಯಾರೂ ಇಲ್ಲ. ವಿಮಾನ ಹತ್ತಲು ಮೊಣಕಾಲು ಬಿಡುವುದಿಲ್ಲ. ಆ ಕುಳಿ ಇದೆಯೋ ಇಲ್ಲವೋ, ಅಷ್ಟು ತಿಳಿದರೆ ಸಾಕು ಎಂದು ಸನ್ನೆಯಲ್ಲಿ, ಚೂರುಪಾರು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು.

ಅದೇ ಬೇಸಿಗೆಗೆ ದಾನವ್ವನ ಮಗ ಕಿರಣಕುಮಾರ ಮನೆಮಂದಿಗೆಲ್ಲ ಗ್ರೀಸಿಗೆ ಟಿಕೆಟು ಮಾಡಿಸಿದ. ದಾನವ್ವ ಹಟ ಹಿಡಿದು ಫೋಟಿನಿಯ ಊರನ್ನೂ ಸೇರಿಸಿದಳು. "ನಾನs ಕುಳಿಯಾಗ ಕೈ ಇಟ್ಟು ನೋಡ್ಕೊಂಡ ಬರ್ತೀನಿ, ಅಕ್ಕಾ," ಎಂದು ಮಾತು ಕೊಟ್ಟಳು. ಒಂದು ವಾರ ಇಬ್ಬರೂ ಮೇಜಿನ ಮೇಲೆ ತೊಗರಿಬೇಳೆಯಿಂದ ಆ ಊರನ್ನು ಹರಡಿ ಕೂತರು. ಚಹಾದ ಕಪ್ಪು ಎಂದರೆ ಚರ್ಚು, ಬಟ್ಟಲು ಎಂದರೆ ನೀರಿನ ಬುಗ್ಗೆ, ಚಮಚ ಎಂದರೆ ಏರುದಾರಿ. ಬುಗ್ಗೆಯಿಂದ ಅರವತ್ತು ಹೆಜ್ಜೆ ಏರಿದರೆ ಕಣ. ದಾನವ್ವ ಅದನ್ನೆಲ್ಲ ಬಾಯಿಪಾಠ ಮಾಡಿದಳು.

ವಿಮಾನ ನಿಲ್ದಾಣದ ಕೌಂಟರಿನಲ್ಲಿ ಎಲ್ಲ ಕೆಟ್ಟಿತು. ಮಗ, ಸೊಸೆ, ಮೊಮ್ಮಗಳದು ಈ ದೇಶದ್ದೇ ಪಾಸ್‌ಪೋರ್ಟು, ಅವರಿಗೆ ವೀಸಾ ಬೇಡ. ದಾನವ್ವನದು ಇಂಡಿಯಾದ್ದು, ಅದಕ್ಕೆ ಬೇಕು. ಗ್ರೀನ್ ಕಾರ್ಡ್ ಇದ್ದರೆ ನಡೆಯುತ್ತದೆ ಎಂದುಕೊಂಡು ಕಿರಣ ನೋಡಿಯೇ ಇರಲಿಲ್ಲ. ಕಡೆಗೆ ಅವನೂ ಮಗಳು ಲಾಸ್ಯಾಳೂ ಹಾರಿದರು. ಸೊಸೆ ಉಮಾಶ್ರೀ ಅತ್ತೆಯ ಜೊತೆ ಮನೆಗೆ ಮರಳಿದಳು.

ಆರನೆಯ ದಿನ ಬೆಳಿಗ್ಗೆ ಎಂಟಕ್ಕೆ ವಿಡಿಯೋ ಕಾಲ್ ಬಂತು. ಅಲ್ಲಿ ಸಂಜೆ ಆರು. ಉಮಾಶ್ರೀ ಫೋನು ಹಿಡಿದಳು. ದಾನವ್ವ, ಫೋಟಿನಿ ತಲೆಗೆ ತಲೆ ಹಚ್ಚಿ ಕೂತರು.

"ಅವ್ವಾ, ಊರಿಗೆ ಬಂದೀವಿ. ಭಾಳ ಚಂದ ಐತಿ. ಲಾಸ್ಯಾ, ಅಜ್ಜಿಗೆ ವ್ಯೂ ತೋರ್ಸು."

ಬೆಟ್ಟ, ಕೆಂಪು ಹೆಂಚು, ಆಕಾಶ ಎಲ್ಲ ಗಿರಗಿರ ತಿರುಗಿತು. "ಅಜ್ಜಿ, ಲುಕ್, ಗೋಟ್ಸ್! ಸೋ ಕ್ಯೂಟ್!"

"ಆಡು ನಾ ಹುಟ್ಟಿದಾಗಿಂದ ನೋಡೀನವ್ವಾ. ಚರ್ಚ್ ಎಲ್ಲೈತಿ? ಅದರ ಬಾಜೂಕ ಬುಗ್ಗಿ ಇರಬೇಕು."

ಬುಗ್ಗೆ ಸಿಕ್ಕಿತು. ಫೋಟಿನಿ ಏನೋ ಗೊಣಗಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಈಗ ಅರವತ್ತ ಹೆಜ್ಜಿ ಮ್ಯಾಲೆ ಏರ್ರಿ."

"ಅವ್ವಾ, ಮ್ಯಾಲಿಂದನs ಇಳದ ಬಂದೀವಿ. ಅಲ್ಲಿ ಕಣಾ ಗಿಣಾ ಏನೂ ಇಲ್ಲ. ಏಳೂವರಿಗೆ ಹೋಟೆಲ್ಲಿಗೆ ಮುಟ್ಟಬೇಕು."

"ನೀ ವೀಸಾದ ತೊಡಕೂ ಏನೂ ಇಲ್ಲ ಅಂದಿದ್ದಿ. ಕಾರು ಎಲ್ಲಿ ನಿಲ್ಸೀದಿ?"

"ಅಲ್ಲೇ ಮ್ಯಾಲೆ. ಮಸ್ತ್ ಸಪಾಟ್ ಜಾಗಾ ಸಿಕ್ಕತಿ. ದುಂಡಗ ಕಲ್ಲ ಹಾಸ್ಯಾರ."

ದಾನವ್ವ ಫೋನಿಗೆ ಮುಖ ಹಚ್ಚಿದಳು.

"ಎಲಾ ನಿನ್ನ! ವಿರುಪಾಕ್ಷಪ್ಪನ ಹೊಟ್ಟೀಲೆ ಹುಟ್ಟಿ ಕಣದಾಗ ಕಾರ್ ನಿಲ್ಸೀಯಲ್ಲೋ! ನಿಮ್ಮಪ್ಪ ಕಣದಾಗ ಒಂದ ದಿನಾ ಚಪ್ಪಲಿ ಮೆಟ್ಟಲಿಲ್ಲ. ತೆಗಿ! ಮೊದ್ಲ ಹೋಗಿ ತೆಗಿ!"

ಉಮಾಶ್ರೀ ನಗು ತಡೆಯಲು ಮುಖ ಆಚೆ ತಿರುಗಿಸಿದಳು, ಫೋನೂ ಅವಳ ಜೊತೆ ತಿರುಗಿತು. "ನೆಟ್ಟಗ ಹಿಡೀ ಬೇ," ಎಂದು ದಾನವ್ವ ಅವಳ ಮೇಲೂ ಹರಿಹಾಯ್ದಳು.

ಕಿರಣ ಏದುಸಿರು ಬಿಡುತ್ತ ಏರಿಹೋಗಿ ಕಾರನ್ನು ಹಿಂದಕ್ಕೆ ತೆಗೆದ. ಸುತ್ತ ಅಂಚಿನ ಕಲ್ಲು ಕಂಡಿತು. ಲಾಸ್ಯಾ ಅಜ್ಜಿಯ ಮಾತಿಗೆ ಬೂಟು ಕಳಚಿ, ಕಾಲುಚೀಲದಲ್ಲೇ ನಡುವಿಗೆ ನಡೆದಳು. ಅಲ್ಲಿ ಮುಷ್ಟಿಯಗಲದ ಒಂದು ಕುಳಿ.

"ಕೈ ಇಡು, ನನ ಕಂದಾ," ಎಂದಳು ದಾನವ್ವ.

ಕೈ ಮಣಿಕಟ್ಟಿನ ತನಕ ಇಳಿದು ನಿಂತಿತು. "ದಟ್ಸ್ ಇಟ್, ಅಜ್ಜಿ. ಡರ್ಟ್ ಇದೆ."

ಫೋಟಿನಿ ತಲೆ ಅಲ್ಲಾಡಿಸಿದಳು. ತನ್ನ ಮೊಣಕೈ ಮುಟ್ಟಿ ತೋರಿಸಿದಳು. ಅಪ್ಪ ಕಡೆದದ್ದು ಇಲ್ಲಿಯ ತನಕ.

"ಮಣ್ಣ ತುಂಬೇತಿ. ತೆಗೀರಿ ಅದನ್ನ!"

"ಏನರೆ ಹತಾರ ಐತೇನವ್ವಾ ನಮ್ಮ ಕಡೆ? ಹೊತ್ತಾತು. ಕುಳಿ ನೋಡಿದ್ರಲ್ಲ, ಆತಲ್ಲ?" ಎಂದ ಕಿರಣ. ಅಷ್ಟಕ್ಕೆ ಸಿಗ್ನಲ್ಲು ಹೋಯಿತು. ಉಮಾಶ್ರೀ ಮೂರು ಸಲ ತಿರುಗಿ ಹಚ್ಚಿದಳು, ಹತ್ತಲಿಲ್ಲ. ಅರ್ಧ ತಾಸಿನ ಮೇಲೆ ಮೆಸೇಜು ಬಂತು: ಹೊರಟೆವು.

"ಆತಂತ ಆತು!" ದಾನವ್ವ ಬೇಳೆಯ ಡಬ್ಬಿಯನ್ನು ಕುಕ್ಕಿದಳು. ಫೋಟಿನಿ ಇನ್ನೂ ಮೊಣಕೈ ಹಿಡಿದುಕೊಂಡೇ ಕೂತಿದ್ದಳು. "ಹಾಫ್," ಎಂದಳು. ಅರ್ಧ ಅಪ್ಪ ಸಿಕ್ಕ ಎಂಬಂತಿತ್ತು ಅವಳ ಮುಖ.

ಮಧ್ಯಾಹ್ನ ಉಮಾಶ್ರೀ ಲ್ಯಾಪ್‌ಟಾಪು ತೆಗೆದು ಅತ್ತೆಯ ವೀಸಾದ ಅರ್ಜಿ ತುಂಬಲು ಕೂತಳು. ಸಂದರ್ಶನಕ್ಕೆ ಏಳು ವಾರದ ಈಚೆ ತಾರೀಖೇ ಇರಲಿಲ್ಲ.

"ಅತ್ತಿ, ಯಾಕ ಹೋಗ್ತೀರಿ ಅಂತ ಕೇಳ್ಯಾರ. ಟೂರಿಸಂ ಅಂತ ಹಾಕ್ಲಿ?"

"ನಾ ಊರು ನೋಡಾಕ ಹೊಂಟಿಲ್ಲ. ಕುಳಿ ಹಸನ ಮಾಡಾಕ ಹೊಂಟೀನಿ. ಹಂಗs ಬರಿ."

"ಹಂಗ ಬರದ್ರ ವೀಸಾ ಕೊಡಂಗಿಲ್ಲ, ಅತ್ತಿ."

"ಏನರೆ ಬರಕೋ ಹೋಗು," ಎಂದು ಸಿಡುಕಿ ದಾನವ್ವ ಪಕ್ಕದ ಮನೆಗೆ ನಡೆದಳು. ಫೋಟಿನಿಯ ಕೈ ಚಾಚಿಸಿ, ಮೊಣಕೈಯಿಂದ ನಡುಬೆರಳ ತುದಿಯ ತನಕ ಒಂದು ದಾರ ಹಿಡಿದಳು. ಎರಡು ಸಲ ಅಳೆದು ನೋಡಿ, ಸರಿಯಾದಲ್ಲಿ ಗಂಟು ಹಾಕಿದಳು. ಮನೆಗೆ ಬಂದು ಆ ದಾರವನ್ನು ಸುತ್ತಿ ಪಾಸ್‌ಪೋರ್ಟಿನ ಒಳಗಿಟ್ಟಳು.