ಗದ್ದುಗೆ ಎಂದೇ ಹೇಳಿದೆ

ಲುಂಡ್ ಎಂಬ ಪರದೇಶದ ಊರಿನಲ್ಲಿ ಕನ್ನಡದವರು ಭಾನುವಾರ ಫೀಕಾ ಎಂದು ಕಾಫಿಗೆ ಸೇರುವಾಗ ನಾನು ವಿಜಯಪುರದ ಕನ್ನಡವನ್ನು ರೂಮಿನಲ್ಲೇ ಬಿಟ್ಟು ಹೋಗುತ್ತಿದ್ದೆ. ‘ಅದ’ ಅನ್ನುವ ಕಡೆ ‘ಇದೆ’, ‘ಹಂಗ’ ಅನ್ನುವ ಕಡೆ ‘ಹಾಗೆ’. ತಪ್ಪಿ ಬಾಯಿಗೆ ಬಂದ ಮಾತನ್ನು ಯಾರಾದರೂ ಅಣಕಿಸಿದರೆ ಡೈರಿಯಲ್ಲಿ ಆ ದಿನದ ತಾರೀಖಿನ ಮುಂದೆ ಒಂದು ಗೀಟು ಎಳೆಯುತ್ತಿದ್ದೆ. ಚಳಿಗಾಲ ಮುಗಿಯುವ ಹೊತ್ತಿಗೆ ಗೀಟುಗಳು ಬೇಲಿಯಂತೆ ನಿಂತಿದ್ದವು.

ಈಸ್ಟರ್ ರಜೆಯಲ್ಲಿ ಇಸ್ತಾಂಬುಲ್‌ಗೆ ಹೋದೆವು. ಫೀಕಾಕ್ಕೆ ಬರುವ ಬೆಂಗಳೂರಿನ ಗೆಳತಿ, ಅವಳ ಗಂಡ, ಮಗಳನ್ನು ನೋಡಲು ಲುಂಡ್‌ಗೆ ಬಂದಿದ್ದ ಅವಳ ಅಮ್ಮ ಮತ್ತು ನಾನು. ಒಂದು ದಿನ ಗೈಡ್ ಜೊತೆ ವ್ಯಾನಿನಲ್ಲಿ ಒಟ್ಟೊಮನ್ ದೊರೆಗಳು ಮೊದಲು ಆಳಿದ ಊರುಗಳಿಗೆ ಹೊರಟೆವು. ಅಮ್ಮನಿಗೆ ಗೈಡನ ಇಂಗ್ಲಿಷ್ ತಲೆಗೆ ಹತ್ತಲಿಲ್ಲ.

“ನೀನು ಎಲ್ಲಾ ಬರ್ಕೊಳ್ತೀಯಲ್ಲ, ನೀನೇ ಕನ್ನಡದಲ್ಲಿ ಹೇಳೇ,” ಎಂದಳು ಗೆಳತಿ.

ಮೊದಲು ಸೋಯುತ್ ಎಂಬ ಪುಟ್ಟ ಊರು. ವಂಶದ ಮೊದಲ ದೊರೆಯನ್ನು ಹೂಳಿದ್ದು ಇಲ್ಲಿ, ಆಮೇಲೆ ಬುರ್ಸಾ ನಗರಕ್ಕೆ ಒಯ್ದರು ಎಂದು ಗೈಡ್ ಅಂಗಳದ ಒಂದು ಕಲ್ಲುಕಟ್ಟೆ ತೋರಿಸಿದ. ನಾನು ಹೇಳಿದೆ: “ಆಂಟಿ, ದೊರೆಯ ಗದ್ದುಗೆ ಮೊದಲು ಇಲ್ಲಿತ್ತಂತೆ.”

ಅಮ್ಮ ಸುತ್ತ ನೋಡಿದರು. “ಸಿಂಹಾಸನಾನಾ? ಬಯಲಲ್ಲಿ ಯಾಕಮ್ಮ ಇಟ್ಟಿದ್ರು?”

ಗೆಳತಿ ಹೊಟ್ಟೆ ಹಿಡಿದು ನಕ್ಕಳು. “ಗೋರಿ ಅನ್ನೇ. ಸರಿಯಾಗಿ ಕನ್ನಡ ಮಾತಾಡು.” ಅವಳ ಗಂಡ ದನಿ ಎಳೆದ: “ಹೌದೇನ್ ಬೇ ಯವ್ವಾ!”

ಬುರ್ಸಾದ ದಾರಿಯಲ್ಲಿ ಡೈರಿ ತೆಗೆದು ಇನ್ನೊಂದು ಗೀಟು ಎಳೆದೆ. ನಮ್ಮೂರ ಮಠದಲ್ಲಿ ಸ್ವಾಮಿಗಳನ್ನು ಕೂರಿಸಿಯೇ ಮಣ್ಣು ಮಾಡಿದ ಜಾಗಕ್ಕೆ ನಾನು ಚಿಕ್ಕವಳಿದ್ದಾಗ ಗೋರಿ ಅಂದಿದ್ದೆ. ಅಜ್ಜಿ ತಲೆಗೆ ಮೊಟಕಿದ್ದಳು. “ದೊಡ್ಡಾವ್ರು ಸತ್ರೂ ಕುಂತೇ ಇರ್ತಾರ. ಗದ್ದಿಗಿ ಅನ್ನಬೇಕು.”

ಬುರ್ಸಾದಲ್ಲಿ ಗುಮ್ಮಟದ ಕೆಳಗೆ, ಕಟಕಟೆಯ ಒಳಗೆ, ಕಸೂತಿ ಬಟ್ಟೆ ಹೊದ್ದ ಎತ್ತರದ ಗೋರಿ. ಗೈಡ್ ಹೇಳಿ ಮುಗಿಸಿದ. ಎಲ್ಲರೂ ನನ್ನತ್ತ ತಿರುಗಿದರು.

“ಇಲ್ಲಿ ನೋಡ್ರಿ ಆಂಟಿ. ಇದು ಅವನ ಗದ್ದಿಗಿ. ನಮ್ಮ ಕಡಿ ರಾಜ ಕುಂದ್ರೂದೂ ಗದ್ದಿಗಿ, ದೊಡ್ಡಾವ್ರನ್ನ ಕುಂದ್ರಿಸಿ ಹೂಳಿದ್ದೂ ಗದ್ದಿಗಿ. ಇವನ ಮಗ ಈ ಊರು ಗೆದ್ದು ಇಲ್ಲಿಂದ ಆಳಿದ, ಅಪ್ಪನ್ನ ತಂದು ಇಲ್ಲೇ ಇಟ್ಟ. ಎರಡಕ್ಕೂ ಒಂದ ಮಾತು ಸಾಕು.”

“ಮತ್ತೆ ಶುರುವಾಯ್ತು,” ಎಂದಳು ಗೆಳತಿ.

“ನನಗ ಬರೂ ಕನ್ನಡ ಇದೊಂದ. ಬ್ಯಾಡಂದ್ರ ನೀನ ಹೇಳು.”

ಅವಳು ಹೇಳಹೊರಟಳು: “ಅಮ್ಮಾ, ಇವ್ರು ಡೈನಾಸ್ಟಿ ಫೌಂಡರ್ರು, ಸನ್ ಬಂದು ಕ್ಯಾಪಿಟಲ್ನ...” ಮುಂದಿನ ಕನ್ನಡ ಪದಕ್ಕೆ ಗಂಡನ ಮುಖ ನೋಡಿದಳು.

“ಸಾಕು ಬಿಡೆ,” ಎಂದರು ಅಮ್ಮ. ನನ್ನತ್ತ ಬಾಗಿ ಮೆಲ್ಲಗೆ ಕೇಳಿದರು: “ದೊಡ್ಡೋರ್ನ ಕೂರ್ಸಿ ಹೂಳ್ತಾರಲ್ಲ ನಿಮ್ಕಡೆ. ಇವ್ನೂ ಕೂತಿದಾನೇನಮ್ಮ?”

“ಇಲ್ರಿ, ಇವ ಮಲಗ್ಯಾನ. ಆದ್ರೂ ಗದ್ದಿಗಿನ.”

ಗೀಟು ಎಳೆಯುವುದನ್ನು ಅವತ್ತೇ ಬಿಟ್ಟೆ. ಅಣಕಿಸುವವರು ಬೇಕಿದ್ದರೆ ತಾವೇ ಎಣಿಸಿಕೊಳ್ಳಲಿ.

ಮುಂದಿನ ಫೀಕಾದಲ್ಲಿ ಗೆಳತಿಯ ಗಂಡ ಕಿಟಕಿ ಪಕ್ಕದ ನನ್ನ ಕುರ್ಚಿಯಲ್ಲಿ ಕೂತು ಎಲ್ಲರಿಗೂ ಕೇಳುವಂತೆ ಹೇಳಿದ: “ಬಂದ್ರಪ್ಪ, ಗದ್ದುಗೆ ಮೇಡಮ್ಮು.”

“ಹೌದ್ರಿ,” ಎಂದೆ. “ಏಳ್ರಿ ಮ್ಯಾಲೆ. ನೀವು ಕುಂತದ್ದು ನನ್ನ ಗದ್ದಿಗಿ.”