ಲ್ಯಾಪ್‌ಟಾಪಿಗೊಂದು ಜೋಡಿ

ಸುಟ್ಟ ವಾಸನೆ ಅಂಗಡಿಯಿಂದ ಇನ್ನೂ ಹೋಗಿಲ್ಲ. ಷಟರ್ ಎತ್ತಿದ ಕೂಡಲೇ ಮೂಗಿಗೆ ಬಡಿಯುತ್ತದೆ. ಒಲೆಯ ಮೇಲೆ ಮರೆತ ಹಾಲು ತಳ ಹಿಡಿದಾಗ ಬರುತ್ತದಲ್ಲ, ಅದಕ್ಕೆ ಒಂದಿಷ್ಟು ರಬ್ಬರು ಬೆರೆಸಿದರೆ ಹೇಗೋ ಹಾಗೆ. ಊದುಬತ್ತಿ ಹಚ್ಚಿದೆ, ಲೋಬಾನ ಹಾಕಿದೆ, ಫ್ಯಾನು ಬಿಟ್ಟು ಬಾಗಿಲು ತೆರೆದಿಟ್ಟೆ. ಊದುಬತ್ತಿ ಮುಗಿಯಿತು, ಲೋಬಾನ ಮುಗಿಯಿತು, ಇದು ಮಾತ್ರ ಮೈದುನನ ಮನೆಗೆ ಬಂದ ಬೀಗರ ಹಾಗೆ ಏಳುವ ಮಾತೇ ಆಡುತ್ತಿಲ್ಲ.

ಸುಟ್ಟದ್ದು ನಮ್ಮ ಲ್ಯಾಪ್‌ಟಾಪು. ಕೊಪ್ಪಳದಲ್ಲಿ ಲಗ್ನಪತ್ರಿಕೆ, ಗೃಹಪ್ರವೇಶ, ನಿಧನವಾರ್ತೆ ಇಂಥವನ್ನೆಲ್ಲ ಟೈಪ್ ಮಾಡಿ ಅಂದವಾಗಿ ಜೋಡಿಸಿ ಕೊಡುವ ಸಣ್ಣ ಅಂಗಡಿ ನಮ್ಮದು. ನಮ್ಮದು ಅಂದರೆ ನನ್ನದು ಮತ್ತು ನನ್ನ ಹೆಂಡತಿ ಗಿರಿಜೆಯದು. ಬೋರ್ಡಿನ ಮೇಲೆ ನನ್ನ ಹೆಸರಿದೆ, ಕೀಬೋರ್ಡಿನ ಮೇಲೆ ಅವಳ ಬೆರಳು. ಕೆಲಸ ನಡೆಯುವ ರೀತಿಯನ್ನು ನಿಮಗೆ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಗಿರಾಕಿ ಗೀಚಿಕೊಂಡು ತಂದದ್ದನ್ನು ನಾನು ದೊಡ್ಡ ದನಿಯಲ್ಲಿ ಓದುತ್ತೇನೆ. ಅವಳು ಕಾಗದವನ್ನೂ ನೋಡದೆ, ಬೆರಳನ್ನೂ ನೋಡದೆ, ಪರದೆಯ ಮೇಲೆ ಕಣ್ಣಿಟ್ಟು ಹೊಡೆಯುತ್ತಾಳೆ. ಒಂದು ತುಂಡು ಓದಿ ನಾನು ನಿಲ್ಲಬೇಕು. ಅವಳು "ಹೂಂ" ಅನ್ನಬೇಕು. ಆಮೇಲೆ ಮುಂದಿನ ತುಂಡು. "ಹೂಂಗುಟ್ಟವರಿಲ್ದ ಕತಿ ಹೇಳಬಾರದೋ, ಕತಿ ಹಾದಿ ತಪ್ಪತೈತಿ" ಎನ್ನುತ್ತಿದ್ದಳು ನಮ್ಮಜ್ಜಿ. ನಮ್ಮ ಅಂಗಡಿಯೂ ಅದೇ ಕಾನೂನಿನ ಮೇಲೆ ಇಷ್ಟು ವರ್ಷ ನಡೆದುಕೊಂಡು ಬಂದಿದೆ.

ರಿಪೇರಿಯ ಖಾಜಾ ಭಾಯಿ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ, ಮೂಸಿ, ಮುಚ್ಚಿದ. "ಅಣ್ಣಾರ, ಬೋರ್ಡು ಖಲಾಸ್. ಇನ್ನ ಇದನ್ನ ಮಣ್ಣಿಗೆ ಕೊಡ್ರಿ."

ಲಗ್ನಸರಾಯಿ, ಅಂದರೆ ಮದುವೆಗಳ ಕಾಲ, ಇನ್ನೇನು ಶುರುವಾಗುವ ಹೊತ್ತು. ಅದರ ಮೇಲೆ ಗಿರಿಜೆ ಒಂದು ಮಾತು ಹೇಳಿದಳು. "ನೋಡ್ರಿ, ನಾ ಬೆರಳಿಗೆ ಹಾದಿ ಕಲಿಸಿದ್ದು ಹುಡುಗಿ ಇದ್ದಾಗ, ಟೈಪ್‌ರೈಟರ್ ಮ್ಯಾಲೆ. ಈ ವಯಸ್ಸಿನ್ಯಾಗ ಮತ್ತ ಹೊಸಾ ಹಾದಿ ಕಲಿಸಾಕ ನನ್ನ ಕೈಲಿ ಆಗಂಗಿಲ್ಲ. ನೀವು ತಂದದ್ದು ನನ್ನ ಕೈಗೆ ಬಗ್ಗಲಿಲ್ಲಂದ್ರ ನಾ ಕುಂಡ್ರಂಗಿಲ್ಲ. ಕುಷ್ಟಗಿಗೆ ಹೋಗಿ ತಂಗಿ ಕೂಡ ದಾಳಿಂಬ್ರಿ ತ್ವಾಟ ನೋಡ್ಕೋತೀನಿ." ತಮಾಷೆಗೆ ಹೇಳಿದಳು ಅಂದುಕೊಂಡೆ. ತಿರುಗಿ ನೋಡಿದರೆ ಮುಖದಲ್ಲಿ ತಮಾಷೆ ಇರಲಿಲ್ಲ. ಎರಡು ಬೆರಳಿನಿಂದ ಕುಟ್ಟುವ ನಾನೊಬ್ಬನೇ ಉಳಿದರೆ, ಲಗ್ನಪತ್ರಿಕೆ ಕೈಗೆ ಬರುವ ಹೊತ್ತಿಗೆ ಮದುಮಕ್ಕಳಿಗೆ ಕೂಸಾಗಿರುತ್ತದೆ.

ಅಂದಿನಿಂದ ನನ್ನ ಕಾಲು ನೆಲಕ್ಕೆ ನಿಲ್ಲಲಿಲ್ಲ. ಕೊಪ್ಪಳದ ಅಂಗಡಿಗಳಾದವು, ಗಂಗಾವತಿಯಾಯಿತು, ಮುನಿರಾಬಾದ್ ದಾಟಿ ಹೊಸಪೇಟೆಯೂ ಆಯಿತು. ಹೋಗುವುದು, ನೋಡುವುದು, ಮುಚ್ಚಳ ಎತ್ತುವುದು, ಇಳಿಸುವುದು, "ವಿಚಾರ ಮಾಡಿ ಹೇಳ್ತೀನ್ರಿ" ಅಂತ ಬಸ್ಸು ಹತ್ತುವುದು. ಬಸ್ಸಿನಲ್ಲಿ ಕೂತರೆ ಬಿಟ್ಟು ಬಂದದ್ದೇ ಛಲೋ ಇತ್ತು ಅನಿಸುವುದು. ನಿಮಗೂ ಹೀಗಾಗಿರಬೇಕು. ಚಪ್ಪಲಿ ಕೊಳ್ಳುವಾಗಲಾದರೂ.

ಸಲಹೆಗೆ ಬರ ಇರಲಿಲ್ಲ. ನನ್ನ ಅಕ್ಕನ ಮಗ ಮಂಜು ಕುಷ್ಟಗಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಾನೆ. ಅವನು ಮ್ಯಾಕ್ ಪಕ್ಷ. "ಮಾವಾ, ಒಮ್ಮೆ ಮುಟ್ಟಿ ನೋಡು. ಅದರಾಗಿನ ಅಕ್ಷರ ನೋಡಿದ್ರ ಲಗ್ನ ಆದವರೂ ಮತ್ತೊಮ್ಮೆ ಪತ್ರಿಕಿ ಹಾಕಸ್ತಾರ" ಎಂದ. ಖಾಜಾ ಭಾಯಿ ವಿಂಡೋಸ್ ಪಕ್ಷ. "ಅದು ಕೆಟ್ರ ಯಾರ ಹತ್ರ ಒಯ್ತೀರಿ ಅಣ್ಣಾರ? ವಿಂಡೋಸ್ ತಗೋರಿ, ಕೆಟ್ರ ನಾ ಅದೀನಿ." "ಅಂದ್ರ ಕೆಡತೈತಂತೀಯೇನು?" ಎಂದೆ. "ಎಲ್ಲಾ ಮಷೀನೂ ಕೆಡ್ತಾವ್ರಿ. ಕೆಡದಿದ್ರ ನನ್ನ ಹೊಟ್ಟಿ ಪಾಡೇನು?" ಮೂರನೆಯ ಪಕ್ಷದವನು ಯಲಬುರ್ಗಾದಲ್ಲಿ ಗಣಿತ ಕಲಿಸುವ ನನ್ನ ಸಾಲಿ ಗೆಳೆಯ. "ಲಿನಕ್ಸ್ ಹಾಕೋ. ಪುಕ್ಕಟೆ. ನಿನ್ನ ಮನಿ ಕೀಲಿ ನಿನ್ನ ಉಡದಾರದಾಗ." ಗಿರಿಜೆ ಕಲಿತ ಟೈಪ್‌ರೈಟರ್ ಕೀಲಿಗಳ ಜೋಡಣೆ ಅದರಲ್ಲಿ ಕೂರುತ್ತದೆಯೇ ಅಂತ ಕೇಳಿದೆ. "ಕುಂಡ್ರಸೂಣಲ್ಲ, ಒಂದೀಟು ಕೆಲಸ ಐತಿ." ಅವನ ಒಂದೀಟು ನನಗೆ ಗೊತ್ತು. ಒಂದೀಟು ದೂರ ಅಂತ ಹೇಳಿ ಯಲಬುರ್ಗಾದಿಂದ ಬೇವೂರಿನವರೆಗೆ ಬಿಸಿಲಲ್ಲಿ ನಡೆಸಿದ ಪುಣ್ಯಾತ್ಮ.

ಮೂವರ ಮಾತೂ ಖರೇ ಅನಿಸುತ್ತಿತ್ತು, ಅದೇ ಪೀಕಲಾಟ. ಮೊಬೈಲಿನಲ್ಲಿ ಸೇಬಿನ ಗುರುತಿನದನ್ನು ನೋಡುತ್ತ ಚಹಾ ಕುಡಿದರೆ, ಲೋಟ ಖಾಲಿಯಾಗುವಷ್ಟರಲ್ಲಿ ಕಿಟಕಿಯ ಗುರುತಿನದು ಸರಿ ಅನಿಸುತ್ತಿತ್ತು. ಊಟಕ್ಕೆ ಕೂತರೆ ಕೈಯಲ್ಲಿನ ರೊಟ್ಟಿ ಹದಿನಾಲ್ಕು ಇಂಚೋ ಹದಿನೈದೋ ಎಂಬ ವಿಚಾರ. ಗಿರಿಜೆ ಬುಟ್ಟಿ ಮುಂದೆ ಸರಿಸಿದಳು. "ರೊಟ್ಟಿ ತಿನ್ನಾಕ ಐತ್ರಿ, ಅಳಿಯಾಕಲ್ಲ. ನನ್ನ ನೋಡಾಕ ಬಂದಾಗೂ ನೀವು ಇಷ್ಟು ನೋಡಿರಲಿಲ್ಲ. ಆವಾಗ ಅವಲಕ್ಕಿ ತಾಟು ನೋಡಕೋತ ಕುಂತಿದ್ರಿ."

"ನನ್ನ ಪರವಾಗಿ ಮಾವ ನೋಡಿದ್ದನಲ್ಲ" ಎಂದೆ.

ಹಾಗೆ ಅಂದದ್ದೇ ತಡ, ಫಕೀರಪ್ಪ ಮಾವ ಬಂದು ಎದುರಿಗೆ ಕೂತುಬಿಟ್ಟ. ತೀರಿಕೊಂಡು ಬಹಳ ವರ್ಷವಾಯಿತು, ಆದರೆ ನನ್ನ ತಾಯಿಯ ತಮ್ಮನನ್ನು ಯಾರೂ ಕರೆಯಬೇಕಾಗಿರಲಿಲ್ಲ, ಬರುವವನೇ. ಬೇವೂರಿನ ಒಣ ಹೊಲದ ಮನುಷ್ಯ. ಹೆಗಲ ಮೇಲಿನ ಟವೆಲ್ಲು, ಬಾಯಲ್ಲಿ ಸದಾ ಒಂದು ಜೋಳದ ದಂಟಿನ ಚೂರು. ನಾನು ಮಾತು ಕಲಿತದ್ದು ಅಜ್ಜಿಯಿಂದ ಅರ್ಧ, ಈ ಮಾವನಿಂದ ಅರ್ಧ. ಬೈಗುಳವೆಲ್ಲ ಅವನ ಪಾಲು.

ಮಾವನ ಕಡೆ ಒಂದು ರೂಢಿ ಇತ್ತು. ಜೋಡಿಯಲ್ಲಿ ಒಂದು ಎತ್ತು ಹೋದರೆ, ಇನ್ನೊಂದನ್ನು ಕೊಳ್ಳಲು ಸಂತೆಗೆ ಹೋಗುವಾಗ ಮನೆಯಲ್ಲಿ ಉಳಿದ ಎತ್ತನ್ನೂ ಹೊಡೆದುಕೊಂಡು ಹೋಗುವುದು. ಹೊಸದನ್ನು ಅದರ ಮಗ್ಗುಲಿಗೆ ನಿಲ್ಲಿಸಿ, ನೊಗ ಇಟ್ಟು, ಸಂತೆಯಲ್ಲೇ ನಾಲ್ಕು ಹೆಜ್ಜೆ ನಡೆಸಿ ನೋಡುವುದು. ಒಂದು ವರ್ಷ ಮಳೆ ಬಿದ್ದು ಹದ ಆರುವ ಅವಸರ. ಮಾವ ಜೋಡಿ ಕಳೆದುಕೊಂಡಿದ್ದ ಮನೆಯ ಎತ್ತು ಬಸ್ಯಾನನ್ನು ಬಿಟ್ಟು ಒಬ್ಬನೇ ಹೋದ. ಹೋದವನು ರಾಜಾ ಎಂಬ ಎತ್ತು ತಂದ. ಏನು ಕೋಡು, ಏನು ಭುಜ! ಓಣಿಯ ಜನ ಕೆಲಸ ಬಿಟ್ಟು ನೋಡಿದರು. ಕೂರಿಗೆ ಹೂಡಿದಾಗ ಗೊತ್ತಾಯಿತು, ರಾಜಾನದು ಉದ್ದ ಹೆಜ್ಜೆ, ಬಸ್ಯಾನದು ಮೋಟು ಹೆಜ್ಜೆ. ಒಂದು ಮುಂದಕ್ಕೆ ಎಳೆಯುವುದು, ಒಂದು ಹಿಂದಕ್ಕೆ ಜಗ್ಗುವುದು. ಬಿತ್ತಿದ ಸಾಲು ಒಂದೂ ನೆಟ್ಟಗಿಲ್ಲ. ಬಿತ್ತನೆಯ ತಪ್ಪು ಮುಚ್ಚಿಡುವಂಥದ್ದಲ್ಲ ನೋಡ್ರಿ, ಮೊಳಕೆ ಒಡೆದು ದಾರಿಗೆ ಹೋಗುವವರಿಗೆಲ್ಲ ಕಾಣುತ್ತದೆ. ಆ ಸುಗ್ಗಿಯವರೆಗೂ ಜನ ಬದುವಿನ ಮೇಲೆ ನಿಂತು ಕೇಳಿದರು: "ಫಕೀರಪ್ಪ, ಜ್ವಾಳ ಬಿತ್ತೀಯೋ, ಹಾವು ಬಿತ್ತೀಯೋ?"

"ಹಾವಿಗೂ ತೆನಿ ಬಂದ್ರ ಸಾಕಪಾ" ಎನ್ನುತ್ತಿದ್ದ ಮಾವ. ಆದರೆ ಬಸ್ಯಾನ ಹೆಗಲು ಹುಣ್ಣಾದಾಗ ಅರಿಶಿನ ಎಣ್ಣೆ ಹಚ್ಚುತ್ತ ಅದರ ಕಿವಿಯಲ್ಲಿ ಏನೋ ಹೇಳಿದ. ಮುಂದಿನ ಸಂತೆಗೆ ರಾಜಾನನ್ನು ಬದಲಾಯಿಸಲು ಹೊರಟಾಗ ಬಸ್ಯಾ ಮುಂದೆ, ಮಾವ ಹಿಂದೆ.

ನಾವು ಅಂಗಡಿ ಹಾಕುವ ಹೊತ್ತಿಗೆ ಕೊಪ್ಪಳ ಆಗತಾನೇ ಜಿಲ್ಲೆಯಾಗಿತ್ತು. ಹೊಸ ಕಚೇರಿಗಳು, ಅರ್ಜಿಗಳು, ಎಲ್ಲರಿಗೂ ಎಲ್ಲವೂ ಟೈಪ್ ಆಗಬೇಕು. ನಮಗೂ ಹೊಸತಾಗಿ ಮದುವೆಯಾಗಿತ್ತು. ಗಿರಿಜೆ ಕನ್ನಡ ಟೈಪಿಂಗ್ ಪಾಸಾಗಿದ್ದಳು. ನಾನು ಕಂಪ್ಯೂಟರ್ ತರುತ್ತೇನೆ ಅಂದೆ. ದೊಡ್ಡ ಖರೀದಿಗೆ ಹಿರಿಯರಿಲ್ಲದೆ ಹೋಗಬಾರದು ಅಂತ ಅವ್ವ ಮಾವನನ್ನು ನನ್ನ ಜೊತೆ ಹುಬ್ಬಳ್ಳಿಗೆ ಕಳಿಸಿದಳು. ನನಗೋ ನಾಚಿಕೆ. ಎಸಿ ಅಂಗಡಿಯಲ್ಲಿ ಮಾವ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಕಂಪ್ಯೂಟರನ್ನು ಮುಂದಿನಿಂದ ನೋಡಲಿಲ್ಲ, ನೇರ ಹಿಂದಕ್ಕೆ ಹೋದ. ವೈರುಗಳನ್ನು ನೋಡಿ "ಬಾಲ ಭಾಳ ಅದಾವಪಾ ಇದಕ್ಕ" ಎಂದ. ಅಂಗಡಿಯ ಹುಡುಗ ಗುಂಡಿ ಒತ್ತಿದ, ಸಿ.ಡಿ. ತಟ್ಟೆ ಹೊರಗೆ ಬಂತು. ಮಾವ ಬಗ್ಗಿ ಒಳಗೆ ಇಣುಕಿದ. "ಅಳ್ಯಾ, ಹಲ್ಲ ಇಲ್ಲಲ್ಲೋ! ಮುದಿ ಎತ್ತು ಗಂಟ ಹಾಕಾಕ ಹತ್ತ್ಯಾನ ನೋಡು."

ಆಮೇಲೆ ಗಂಭೀರವಾಗಿ ಒಂದು ಪ್ರಶ್ನೆ ಕೇಳಿದ: "ಅದೆಲ್ಲಾ ಇರ್ಲಿ. ಇದಕ್ಕ ಜೋಡಿ ಯಾವುದು?"

"ಪ್ರಿಂಟರ್ ಬ್ಯಾರೆ ತಗೋಬೇಕ್ರಿ ಯಜಮಾನ್ರ" ಎಂದ ಹುಡುಗ.

ಮಾವನಿಗೆ ಸಮಾಧಾನವಾಗಲಿಲ್ಲ. ಗದಗ ದಾಟಿದ ಮೇಲೂ ಬಸ್ಸಿನಲ್ಲಿ ಗೊಣಗುತ್ತಿದ್ದ: "ನಾ ಕೇಳಿದ್ದ ಒಂದು, ಅವ ಹೇಳಿದ್ದ ಒಂದು." ನಾನು ಕಿಟಕಿಯ ಕಡೆ ತಿರುಗಿ ನಕ್ಕಿದ್ದೆ. ಈಗ ರೊಟ್ಟಿ ಕೈಯಲ್ಲಿ ಹಿಡಿದು ಕೂತವನಿಗೆ ಆ ಪ್ರಶ್ನೆ ಬಂದು ಮುಟ್ಟಿತು. ಇಷ್ಟು ವರ್ಷ ಬೇಕಾಯಿತು ಗದಗ ದಾಟಲು.

"ನಾಳಿ ಗಂಗಾವತಿಗೆ ನೀನೂ ಬಾ" ಎಂದೆ ಗಿರಿಜೆಗೆ. ಯಾಕೆ ಅಂತ ಕೇಳಿದಳು. ಬಸ್ಯಾನ ಕತೆಯನ್ನು ಹೇಳಿದೆ. ಹೂಂಗುಟ್ಟುತ್ತ ಕೇಳಿದವಳು ಕೊನೆಗೆ ಹುಬ್ಬು ಏರಿಸಿದಳು.

"ಅಂದ್ರ ನಾ ಮನ್ಯಾಗಿನ ಎತ್ತೇನ್ರಿ?"

"ಹಂಗಲ್ಲ..."

"ಮತ್ತ ಹೆಂಗ? ಕೋಡಿಗೆ ಬಣ್ಣಾ ಹಚಗೊಂಡು ಬರ್ಲೋ, ಹಂಗ ಬರ್ಲೋ?"

ಮರುದಿನ ಬಂದಳು. ಕೈಯಲ್ಲೊಂದು ಚೀಲ. ಒಣ ಎರೆಹೊಲ ಮುಗಿದು ಕಾಲುವೆಯ ಭತ್ತದ ಹಸಿರು ಶುರುವಾಗುವವರೆಗೆ ಅದನ್ನು ತೊಡೆಯಿಂದ ಇಳಿಸಲಿಲ್ಲ. ಗಂಗಾವತಿಯ ಅಂಗಡಿಯಲ್ಲಿ ಚೀಲದಿಂದ ಅವಳು ಹೊರತೆಗೆದದ್ದು ನಮ್ಮ ಹಳೆಯ ಕೀಬೋರ್ಡು. ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸಿ ಹೊಡೆಯುತ್ತಿದ್ದದ್ದು. ಹಳೆಯ ಖಣದ ಬಟ್ಟೆಯಲ್ಲಿ ಹೊದಿಕೆ ಹೊಲಿದಿದ್ದಳು. ಅಕ್ಷರಗಳೆಲ್ಲ ಅಳಿಸಿ ಕೀಲಿಗಳು ನುಣ್ಣಗಾಗಿದ್ದವು. ಅಂಗಡಿಯವನು ನೋಡಿ, "ಅಕ್ಕಾರ, ಇದರಾಗ ಏನೂ ಇಲ್ಲಲ್ರಿ" ಎಂದ.

"ಎಲ್ಲಾ ಐತಿ ಬಿಡಪಾ. ಹಚ್ಚು." ನನ್ನ ಕಡೆ ತಿರುಗಿದಳು. "ಕಿಸೇದಾಗ ಯಾವುದರೆ ಪತ್ರಿಕಿ ಐತೇನು? ಓದ್ರಿ."

"ಇಲ್ಲೇ?"

"ಮತ್ತ ಸಂತ್ಯಾಗ ಅಲ್ಲದ ಎಲ್ಲಿ ಹೂಡಿ ನೋಡಬೇಕು?"

ನಾನು ಓದಿದೆ. ಮಿಣುಗುವ ದೀಪಗಳ ಕೆಳಗೆ, ಹತ್ತು ಜನ ಗಿರಾಕಿಗಳ ನಡುವೆ, ಹೊಟ್ಟೆಯಿಂದ ದನಿ ತೆಗೆದು, ಯಾರದೋ ಲಗ್ನವನ್ನು ಓದಿದೆ. ಚಿರಂಜೀವಿ ಇಂಥವನು, ಇಂಥವರ ದ್ವಿತೀಯ ಸುಪುತ್ರ. ಮೊಬೈಲ್ ನೋಡಲು ಬಂದ ಮುದುಕರೊಬ್ಬರು ಹತ್ತಿರ ಸರಿದು ಕೇಳಿದರು, "ಯಾರ ಲಗ್ನರೀ?" ಗಿರಿಜೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: "ಇನ್ನೂ ಹೆಣ್ಣು ನೋಡಾಕ ಹತ್ತೀವ್ರಿ ಯಪ್ಪಾ."

ಮೊದಲು ಮ್ಯಾಕ್. ಅಕ್ಷರ ಮಂಜು ಹೇಳಿದ ಹಾಗೇ ಇದ್ದವು, ಮುತ್ತು. ಆದರೆ ಕೀಬೋರ್ಡು ನಮ್ಮದೇ ಆದರೂ, ಅಲ್ಲಿ ಯಾವ ಕೀಲಿಗೆ ಯಾವ ಅಕ್ಷರ ಎಂಬುದೇ ಬೇರೆ. ನಾನು ತುಂಡು ಓದಿ ನಿಂತೆ. ನಿಂತೇ ಇದ್ದೆ. ಬಹಳ ಹೊತ್ತಿನ ಮೇಲೆ ಹೂಂ ಬಂತು, ಅದೂ ಮೆಟ್ಟಿಲು ಹತ್ತಿ ಬಂದವರ ಹೂಂ. "ಚಂದ ಅದಾವ್ರಿ, ಆದ್ರ ನಾ ಇಲ್ಲಿ ಬೀಗರ ಮನ್ಯಾಗ ಉಪ್ಪು ಹುಡುಕಿದಂಗ ಹುಡುಕಬೇಕು" ಎಂದಳು. ಮೂಲೆಯಲ್ಲಿ ಲಿನಕ್ಸ್ ಹಾಕಿದ್ದೊಂದಿತ್ತು. ಅವಳ ಬೆರಳಿಗೆ ಅಲ್ಲಿ ಇನ್ನೂ ಮನೆ ಕಟ್ಟಬೇಕಿತ್ತು, ಗಣಿತ ಮಾಸ್ತರರ ಒಂದೀಟು ಕೆಲಸ. ಆಮೇಲೆ ವಿಂಡೋಸಿನವು. ಕೆಂಪು ನೀಲಿ ದೀಪ ಹೊಡೆಯುವ ಒಂದಿತ್ತು, ನಾನು ವಾರದಿಂದ ಮನಸ್ಸಿಟ್ಟದ್ದು, ನನ್ನ ರಾಜಾ. ಅದರ ಮುಂದೆ ಕೂತವಳು ಕಣ್ಣು ಕಿರಿದು ಮಾಡಿ ಎದ್ದುಬಿಟ್ಟಳು. ಪಕ್ಕದ ಸಾದಾ ಕಪ್ಪನೆಯದಕ್ಕೆ ಅಗಲ ಪರದೆ. ಅಂಗಡಿಯವನು ಟೈಪ್‌ರೈಟರ್ ಕೀಲಿಗಳ ತಂತ್ರಾಂಶ ಹಾಕಿದ, ಇವಳು ಹಳೆಯ ಕೀಬೋರ್ಡು ಸಿಕ್ಕಿಸಿದಳು. ನಾನು ಓದಿದೆ: "ತಾವು ಸಹಕುಟುಂಬ ಸಪರಿವಾರ..."

"ಹೂಂ."

"...ಸಮೇತರಾಗಿ ಆಗಮಿಸಿ..."

"ಹೂಂ."

ಮೂರು ವಾರದಿಂದ ಊರೂರು ತಿರುಗಿ ನಾನು ಹುಡುಕುತ್ತಿದ್ದದ್ದು ಇದು ಎಂಬುದು ಆಗ ತಿಳಿಯಿತು. ಖುಷಿಗೆ ವಧುವರರನ್ನು ಆಶೀರ್ವದಿಸುವ ಸಾಲು, ಊಟದ ಸಾಲು ಎಲ್ಲ ಒಂದೇ ಉಸುರಿಗೆ ಓದಿಬಿಟ್ಟೆ. ಗಿರಿಜೆ ಕೈ ಎತ್ತಿದಳು.

"ರೀ, ನೀವು ಭಾಳ ಜೋರ ಓಡ್ತೀರಿ. ಇವತ್ತಲ್ಲ, ಯಾವಾಗಲೂ. ನಿಮ್ಮ ಬೆನ್ನ ಹತ್ತಿ ಹತ್ತಿ ನನ್ನ ಮಣಿಕಟ್ಟು ಸಂಜೀಕ ಬಾತುಕೋತೈತಿ. ಮಷೀನಿನ ಚಿಂತಿ ನನಗ ಅಷ್ಟಿರಲಿಲ್ಲ."

ಅಷ್ಟು ಹೇಳಿ ಕೈ ಒರೆಸಿಕೊಂಡಳು. ನಾನು ಪತ್ರಿಕೆ ಮಡಚಿ ಕಿಸೆಗೆ ಹಾಕಿಕೊಂಡೆ. ಉದ್ದ ಹೆಜ್ಜೆಯ ರಾಜಾ ಕಪಾಟಿನಲ್ಲಿರಲಿಲ್ಲ, ಪತ್ರಿಕೆ ಓದುತ್ತಿದ್ದ.

ಬಿಲ್ಲು ಹರಿಯುವಾಗ ಅಂಗಡಿಯವನು ಕೇಳಿದ, "ಸರ್, ಇದಕ್ಕ ಜೋಡಿ ಪ್ರಿಂಟರ್ ಒಂದು ಕೊಡ್ಲೇನ್ರಿ?"

"ಬ್ಯಾಡಪಾ" ಎಂದೆ. "ಜೋಡಿ ಮನಿಯಿಂದ ತಂದೀವಿ."

ಇವತ್ತು ಬೆಳಿಗ್ಗೆ ಷಟರ್ ಎತ್ತಿದಾಗ ವಾಸನೆ ಇತ್ತು, ಸ್ವಲ್ಪ. ಗಿರಿಜೆ ಖಣದ ಹೊದಿಕೆ ತೆಗೆದು ಮಡಚಿಟ್ಟಳು, ಮಣಿಕಟ್ಟಿನ ಕೆಳಗೆ ಅದನ್ನೇ ಮೆತ್ತೆಯಾಗಿ ಇಟ್ಟುಕೊಂಡಳು. ಈ ಲಗ್ನಸರಾಯಿಯ ಮೊದಲ ಪತ್ರಿಕೆ ನನ್ನ ಕೈಯಲ್ಲಿತ್ತು. ಉದ್ದದ ಪತ್ರಿಕೆ, ಎರಡೂ ಕಡೆಯ ಕಾಕಾ, ದೊಡ್ಡಪ್ಪ, ಸೋದರಮಾವಂದಿರೆಲ್ಲ ಸಾಲಾಗಿ ನಿಂತದ್ದು. ಮೊದಲ ತುಂಡು ಓದಿದೆ. ಎರಡನೆಯದು ನಾಲಗೆಯ ತುದಿಗೆ ಬಂದು ಕುಣಿಯುತ್ತಿತ್ತು. ತಡೆದು ನಿಂತೆ. ಹೊರಗೆ ಬಸ್ಸೊಂದು ಹಾದುಹೋಯಿತು, ಕೀಲಿಗಳು ಟಕಟಕ ಅಂದವು, ನಿಂತವು.

"ಹೂಂ" ಎಂದಳು ಗಿರಿಜೆ. ಅದಾದ ಮೇಲೂ ಅರೆಗಳಿಗೆ ಬಿಟ್ಟು ನಾನು ಮುಂದಿನ ಹೆಜ್ಜೆ ಇಟ್ಟೆ.