ಬೈಬಲ್ಲಿನಲ್ಲಿಟ್ಟ ಕರೆಂಟ್ ಬಿಲ್ಲಿನ ದುಡ್ಡು

ಇವತ್ತು ಅಂಗಡಿಯಲ್ಲಿ ಕ್ರಿಸ್‌ಮಸ್ ನಕ್ಷತ್ರಗಳನ್ನು ನೋಡಿ ಹಳೆಯ ಸಿಟ್ಟೆಲ್ಲ ನೆತ್ತಿಗೇರಿತು.

ಅಜ್ಜಂಪುರದ ಮನೆಯಲ್ಲಿ ಅಮ್ಮ ಕರೆಂಟ್ ಬಿಲ್ಲಿನ ದುಡ್ಡನ್ನು ಬೈಬಲ್ಲಿನೊಳಗೆ ಇಡುತ್ತಿದ್ದಳು. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ ಎಂದು ಅವಳ ನಂಬಿಕೆ. ಅಪ್ಪ ಹಾಕಿದ. ತರೀಕೆರೆಯಿಂದ ಬಣ್ಣದ ಕಾಗದ, ಬಲ್ಬು, ವೈರು ತಂದು ಆಳೆತ್ತರದ ನಕ್ಷತ್ರ ಕಟ್ಟಿದ.

“ರೈಲ್ವೆ ಸ್ಟೇಷನ್‌ಗೂ ಕಾಣ್ಬೇಕು ಕಣೇ. ಬಿಲ್ಲು ಹಬ್ಬ ಆದ್ಮೇಲೆ ಕಟ್ಟಿದ್ರಾಯ್ತು,” ಎಂದ.

ಜನವರಿಯಲ್ಲಿ ಲೈನ್‌ಮನ್ ಫ್ಯೂಸ್ ಕೀಳಲು ಬಂದು, “ಯಜಮಾನ್ರು ಎಲ್ಲಮ್ಮ?” ಎಂದು ಕೇಳಿದ. ಅಪ್ಪ ಬಾಗಿಲ ಹಿಂದೆಯೇ ನಿಂತಿದ್ದ. ಸುಳ್ಳು ಹೇಳಿದರೆ ನನ್ನ ಬಾಯಿಗೆ ಖಾರದಪುಡಿ ಹಚ್ಚುತ್ತಿದ್ದ ಅಮ್ಮ, ತಲೆ ತಗ್ಗಿಸಿಕೊಂಡು “ಊರಲ್ಲಿಲ್ಲ ಕಣಪ್ಪ,” ಎಂದಳು.

ಇವತ್ತು ಅಂಗಡಿಯವನು, “ಒಂದು ನಕ್ಷತ್ರ ಕೊಡ್ಲಾ ಮೇಡಂ?” ಎಂದ.

“ಬೇಡ,” ಎಂದೆ. ಪಾಪ, ಅವನಿಗೆ ಅಷ್ಟು ಜೋರಾಗಿ ಹೇಳಬೇಕಿರಲಿಲ್ಲ.